ಬೀಡಿ, ಸಿಗರೇಟಿನಿಂದ ಕೀಲಿಗೂ ಕೇಡು

ಧೂಮಪಾನವು ಶ್ವಾಸಕೋಶಕ್ಕೆ ಹಾನಿಕರವೆಂದು ಎಲ್ಲರೂ ಬಲ್ಲರಾದರೂ, ಅದು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ರುಮಟಾಯ್ಡ್ ಸಂಧಿವಾತಕ್ಕೂ ಕಾರಣವಾಗಬಲ್ಲದೆಂಬ ಸಂಗತಿ ಹಾವೇರಿ ಜಿಲ್ಲೆಯ ಹಳ್ಳಿಗಳಿಗೆ ಇನ್ನೂ ಅಷ್ಟಾಗಿ ತಲುಪಿಲ್ಲ. ಹೊಗೆಯು ಶ್ವಾಸಕೋಶದಲ್ಲಿನ ಕೆಲವು ಪ್ರೋಟೀನ್‌ಗಳ ರಚನೆಯನ್ನೇ ಬದಲಿಸುತ್ತದೆ. ಆನುವಂಶಿಕವಾಗಿ ಈ ಕಾಯಿಲೆಗೆ ತುತ್ತಾಗುವ ಸಾಧ್ಯತೆಯಿರುವವರಲ್ಲಿ ರೋಗನಿರೋಧಕ ವ್ಯವಸ್ಥೆಯು ಅವುಗಳನ್ನು ಪರಕೀಯವೆಂದು ಭಾವಿಸಿ ಪ್ರತಿಕಾಯಗಳನ್ನು ಉತ್ಪಾದಿಸತೊಡಗುತ್ತದೆ. ಕೀಲುಗಳು ನೋಯುವುದಕ್ಕೆ ವರ್ಷಗಳ ಮೊದಲೇ ಇದು ಆರಂಭವಾಗಿರಬಹುದು ಎಂಬುದೇ ಆತಂಕದ ವಿಷಯ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರಿಗೆ ಕೈಬೆರಳು, ಮಣಿಕಟ್ಟು ಸೆಟೆದುಕೊಂಡರೆ ದುಡಿಮೆಯೇ ನಿಂತುಹೋಗುತ್ತದೆ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೀಲುನೋವೆಂದು ಬರುವ ಪ್ರತಿಯೊಬ್ಬರಲ್ಲೂ ಬೀಡಿ, ಸಿಗರೇಟಿನ ಅಭ್ಯಾಸವನ್ನು ವಿಚಾರಿಸಿ, ಅದನ್ನು ಬಿಡಲು ಆಪ್ತಸಮಾಲೋಚನೆ ನೀಡುವ ಹಾಗೂ ಉಚಿತ ಸಹಾಯವಾಣಿ 1800-11-2356ರ ಮಾಹಿತಿ ಒದಗಿಸುವ ವ್ಯವಸ್ಥೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಕೂಡಲೇ ಮಾಡಬೇಕು.

– ಓದುಗ, ಬ್ಯಾಡಗಿ