ಪೇಟೆ ಛತ್ರದ ಗೋಡೆ ಹೊಟ್ಟೆ ಬಿಟ್ಟಿದೆ: ಜೂನ್ ಒಳಗೆ ಕೆಲಸ ಮುಗಿಸಲು ನೆರವಾಗಿ

ಬಡ ಮಕ್ಕಳು ಇದ್ದು, ಉಂಡು ಓದುವ ಚಿಕ್ಕಬಳ್ಳಾಪುರದ ನಮ್ಮ ಪೇಟೆ ಛತ್ರದ ಹಿತೈಷಿಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ಊಟದ ಮನೆ ಮತ್ತೆ ಸೋರಿತು. ಇದು ನಿಮಗೆ ಹೊಸ ಸುದ್ದಿಯಲ್ಲ. ತಟ್ಟೆ ಎತ್ತಿಕೊಂಡು ಜಾಗ ಬದಲಿಸಿ ಉಂಡವರು ನೀವೇ ಅಲ್ವಾ? ಆದರೆ ಈ ಸಲ ಬೀದಿ ಕಡೆಯ ಗೋಡೆ ಹೊಟ್ಟೆ ಬಿಟ್ಟಿದೆ. ಮೂಲೆಯಲ್ಲಿ ಕೈ ತೂರುವಷ್ಟು ಬಿರುಕು. ಸದ್ಯಕ್ಕೆ ಮರದ ಆಸರೆ ಕೊಟ್ಟು ನಿಲ್ಲಿಸಿದ್ದೇವೆ. ಮಕ್ಕಳು ಹಜಾರದಲ್ಲಿ ಕೂತು ಊಟ ಮಾಡುತ್ತಿದ್ದಾರೆ.

ಸೋರುವುದನ್ನು ನೋಡಲು ಬಂದ ಎಂಜಿನಿಯರ್ ಕೇಳಿದ್ದು ಒಂದೇ ಮಾತು: "ಮಾಳಿಗೆ ಮೇಲೆ ಎಷ್ಟು ಮಣ್ಣಿದೆ?" ನಾವು ತಲೆ ತಗ್ಗಿಸಿದೆವು. ಸೋರಿದಾಗಲೆಲ್ಲ ಮಣ್ಣು ಹಾಕಿಸಿದ್ದು, ಆಮೇಲೆ ಕಾಂಕ್ರೀಟ್ ಸುರಿಸಿದ್ದು ನಾವೇ, ಹಿಂದಿನ ಟ್ರಸ್ಟಿಗಳು ಮತ್ತು ನಾವು. ಈಗ ಅಲ್ಲಿ ಒಂದೂವರೆ ಅಡಿ ದಪ್ಪದ ಭಾರ ಕೂತಿದೆ. ಕೆಳಗೆ ಇರುವುದು ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ.

2021ರ ಡಿಸೆಂಬರ್ 22 ನೆನಪಿದೆಯಾ? ಬೆಳಿಗ್ಗೆ ಏಳು ಗಂಟೆ ದಾಟಿತ್ತು. ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಸಲ ನಮ್ಮ ಜಿಲ್ಲೆಯಲ್ಲಿ ಭೂಮಿ ನಡುಗಿತು. ತೀವ್ರತೆ 3ರ ಆಸುಪಾಸು, ಅಷ್ಟೇ. ನಮ್ಮದು ಅಪಾಯ ಕಡಿಮೆ ಇರುವ ಪ್ರದೇಶ ಅಂತ ಎಲ್ಲರೂ ಸುಮ್ಮನಾದೆವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪಕ್ಕೆ ಮಹಾರಾಷ್ಟ್ರದ ಕಿಲ್ಲಾರಿ ನೆಲಸಮವಾಯಿತಲ್ಲ, ಅದನ್ನೂ ಆಗಿನ ನಕ್ಷೆಯಲ್ಲಿ ತೀರಾ ಕಡಿಮೆ ಅಪಾಯದ ಜಾಗ ಅಂತಲೇ ಗುರುತಿಸಿದ್ದರು. ಅಲ್ಲಿ ಜನರ ಮೇಲೆ ಬಿದ್ದದ್ದು ದಪ್ಪ ಕಲ್ಲುಗೋಡೆ ಮತ್ತು ಮಣ್ಣಿನ ಮಾಳಿಗೆಯೇ. ಇಂಥ ಗೋಡೆಯಲ್ಲಿ ಒಳಗೊಂದು ಪದರ, ಹೊರಗೊಂದು ಪದರ, ನಡುವೆ ಚೂರುಕಲ್ಲು, ಮಣ್ಣು. ಅಲುಗಿದರೆ ಎರಡೂ ಪದರ ಬೇರೆಬೇರೆಯಾಗುತ್ತವೆ, ಮಾಳಿಗೆ ಕೆಳಗೆ ಬರುತ್ತದೆ. ನಮ್ಮ ಪೇಟೆಯಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಛತ್ರ ಕುಸಿದರೆ ಪಕ್ಕದ ಮನೆಗೂ ಏಟು. ಆಂಬುಲೆನ್ಸ್ ಬರಲು ಬೀದಿಯೂ ಉಳಿಯುವುದಿಲ್ಲ.

ಛತ್ರದ ಚರಿತ್ರೆ ನಿಮಗೆ ಹೇಳಬೇಕಾಗಿಲ್ಲ. ಆದರೂ ಹೇಳದೆ ಇರಲಾಗುತ್ತಿಲ್ಲ. ಮನೆಮನೆಯ ಹಿಡಿ ಅಕ್ಕಿಯಿಂದ ಶುರುವಾದ ಊಟ ಇದು. ಬರಗಾಲದಲ್ಲೂ ಒಲೆ ಆರಲಿಲ್ಲ. ಅಕ್ಕಿ ಇಲ್ಲದ ದಿನ ರಾಗಿ ಮುದ್ದೆ, ಹುರುಳಿ ಸಾರು. ಇಲ್ಲಿ ಉಂಡು ಓದಿದವರಲ್ಲಿ ಡಾಕ್ಟರ್‌ಗಳಿದ್ದಾರೆ, ತಹಶೀಲ್ದಾರರಿದ್ದಾರೆ, ನೂರಾರು ಮೇಷ್ಟ್ರುಗಳಿದ್ದಾರೆ. ಹೋದ ವರ್ಷ ಹತ್ತನೇ ತರಗತಿಯಲ್ಲಿ ನಮ್ಮ ಮಕ್ಕಳೆಲ್ಲ ಪಾಸು. ಒಬ್ಬರೂ ಫೇಲಿಲ್ಲ! ಈಗ ಇರುವವರು ಬಾಗೇಪಲ್ಲಿ, ಗುಡಿಬಂಡೆ ಕಡೆಯ ಕೂಲಿ ಮನೆಗಳ ಮಕ್ಕಳು, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರ ಮಕ್ಕಳು. ವಾಪಸ್ ಕಳಿಸಿದರೆ ಓದು ಅಲ್ಲಿಗೇ ನಿಂತುಹೋಗುತ್ತದೆ.

ಪೂರ್ತಿ ಕೆಡವಿ ಆರ್‌ಸಿಸಿ ಕಟ್ಟಿ ಅಂತ ಕೆಲವರು ಸಲಹೆ ಕೊಟ್ಟರು. ನಮಗೆ ಮನಸ್ಸು ಬರಲಿಲ್ಲ, ಬೇಕಾಗಿಯೂ ಇಲ್ಲ. ಮಾಳಿಗೆಯ ಭಾರ ಇಳಿಸಬೇಕು. ಎರಡೂ ಪದರ ಹಿಡಿದಿಡುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಸೇರಿಸಬೇಕು. ಎದುರುಬದುರು ಗೋಡೆಗಳನ್ನು ಕಬ್ಬಿಣದ ಸರಳಿನಿಂದ ಬಿಗಿಯಬೇಕು, ಮೂಲೆಗಳನ್ನು ಕಟ್ಟಬೇಕು. ಗಾರೆ ಸುಣ್ಣದ್ದೇ ಆಗಬೇಕು. ಸುಣ್ಣದ ಕೆಲಸ ಬಲ್ಲವರು ಈಗ ಸಿಗುವುದೇ ಕಷ್ಟ, ಕೂಲಿಯೂ ಜಾಸ್ತಿ. ಎಲ್ಲ ಸೇರಿ ಇಪ್ಪತ್ತೆರಡು, ಇಪ್ಪತ್ಮೂರು ಲಕ್ಷ ಆಗಬಹುದು. ಒಂಬತ್ತು ಲಕ್ಷದಷ್ಟು ಕೂಡಿದೆ. ಜೂನ್‌ನಲ್ಲಿ ಶಾಲೆಯೂ ಶುರು, ಮಳೆಯೂ ಶುರು.

ನಿಮ್ಮ ಕೈಲಾದಷ್ಟು ಕೊಡಿ. ಒಂದು ಉದ್ದ ಕಲ್ಲಿನ ಖರ್ಚು ಸುಮಾರು ಎರಡು ಸಾವಿರ. ಅಷ್ಟಾದರೂ ಸರಿ. ಚೆಕ್ ಬರೆಯುವವರು ಟ್ರಸ್ಟ್ ಹೆಸರಿಗೇ ಬರೆಯಿರಿ, ಯಾರ ಕೈಗೂ ನಗದು ಕೊಡಬೇಡಿ, ರಸೀದಿ ಕೇಳಿ ಪಡೆಯಿರಿ. ಬಂದು ಕಣ್ಣಾರೆ ನೋಡಿದರೆ ಇನ್ನೂ ಸಂತೋಷ. ಹಿತ್ತಲ ಬಾಗಿಲಿನಿಂದ ಬನ್ನಿ, ಬೀದಿ ಬಾಗಿಲು ಮುಚ್ಚಿಸಿದ್ದೇವೆ.

ಇಂತಿ,
ಛತ್ರದ ಟ್ರಸ್ಟಿಗಳು