ವಚನದ ಅಂಕಿ ನೋಡಿ ಪ್ರಸಂಗ ಕತ್ತರಿಸಬೇಡ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಕರ್ತನಲ್ಲಿ ವಂದನೆಗಳು. ಭಾನುವಾರ ಸಭೆಯಲ್ಲಿ ಮಾಡುವ ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ಯೆರೆಮೀಯ 29:11 ಇಟ್ಟುಕೊಂಡಿದ್ದೇನೆ ಎಂದು ಬರೆದಿದ್ದೀಯ: ನಿಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದೇನೆ ಎಂದು ದೇವರು ಹೇಳುವ ವಚನ. ಇಟ್ಟುಕೋ, ಆದರೆ ಅದೊಂದನ್ನೇ ಕಿತ್ತು ತರಬೇಡ.

ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದದ ನಡುವಿನ ಸಾಲು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ ಎಂದು 5, 6ನೇ ವಚನಗಳಲ್ಲಿ ಹೇಳುತ್ತಾನೆ. 10ರಲ್ಲಿ ಎಪ್ಪತ್ತು ವರ್ಷ ಮುಗಿದ ಮೇಲೆಯೇ ಮರಳುವುದು ಎಂಬ ಲೆಕ್ಕ ಬರುತ್ತದೆ. ಆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವುದನ್ನು ಕಾಣುವವರಲ್ಲ. ಎರಡೇ ವರ್ಷದೊಳಗೆ ಎಲ್ಲ ಸರಿಹೋಗುತ್ತದೆ ಎಂದು ಸಾರಿದವನು 28ನೇ ಅಧ್ಯಾಯದ ಹನನ್ಯ, ಸುಳ್ಳು ಪ್ರವಾದಿ. ಹತ್ತನೆಯದನ್ನು ನುಂಗಿ ಹನ್ನೊಂದನೆಯದನ್ನು ಮಾತ್ರ ಹಿಡಿದು ‘ಈ ವರ್ಷವೇ ನಿನ್ನ ಕಷ್ಟ ತೀರುತ್ತದೆ’ ಎಂದರೆ, ಯೆರೆಮೀಯನ ಹೆಸರಲ್ಲಿ ಹನನ್ಯನ ಪ್ರಸಂಗ ಮಾಡಿದ ಹಾಗೆ. 4ರಿಂದ 14ರವರೆಗೆ ಓದು. ಸಮಾಧಾನವೇನೂ ಕಡಿಮೆಯಾಗುವುದಿಲ್ಲ, ಕಾಯುವವರಿಗೆ ಬೇಕಾದ ಸಮಾಧಾನ ಅಲ್ಲೇ ಇದೆ.

ಈ ಅಂಕಿಗಳು ಪ್ರವಾದಿಗಳೂ ಅಪೊಸ್ತಲರೂ ಹಾಕಿದ್ದಲ್ಲ. ಇಂದಿನ ಅಧ್ಯಾಯ ವಿಭಾಗ 13ನೇ ಶತಮಾನದ ಆರಂಭದ್ದು, ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಹೆಸರಿಗೆ ಸೇರಿದ್ದು. ಹೊಸ ಒಡಂಬಡಿಕೆಗೆ ಈಗಿರುವ ವಚನದ ಅಂಕಿಗಳನ್ನು ಹಾಕಿ ಅಚ್ಚು ಹಾಕಿದವನು ಫ್ರೆಂಚ್ ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ಹುಡುಕಲು ಅನುಕೂಲವಾದ ಗುರುತುಗಳು, ಅಷ್ಟೇ. ಕೆಲವು ಕಡೆ ಗೆರೆ ತಪ್ಪಾಗಿಯೇ ಬಿದ್ದಿದೆ: ಬಾಧೆಪಟ್ಟ ಸೇವಕನ ಹಾಡು ಯೆಶಾಯ 53:1ರಲ್ಲಿ ಅಲ್ಲ, 52:13ರಲ್ಲೇ ಶುರು. ಪ್ರೀತಿಯನ್ನು ಹೊಗಳುವ 1 ಕೊರಿಂಥ 13 ಮದುವೆಯಲ್ಲಿ ಓದಲು ಬರೆದದ್ದಲ್ಲ. ಪವಿತ್ರಾತ್ಮನು ಕೊಡುವ ವರಗಳ ವಿಷಯದಲ್ಲಿ ಜಗಳವಾಡುತ್ತಿದ್ದ ಸಭೆಗೆ 12 ಮತ್ತು 14ನೇ ಅಧ್ಯಾಯಗಳ ಮಧ್ಯೆ ಬಂದ ಮಾತು.

ಹಾಗಾಗಿ ಸೋಮವಾರ ಇಡೀ ಪುಸ್ತಕವನ್ನು ಒಂದೇ ಕೂತಲ್ಲಿ ಓದು. ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರ 104 ವಚನ, ಗಟ್ಟಿಯಾಗಿ ಓದಿದರೂ ಕಾಲು ಗಂಟೆ. ಯೆರೆಮೀಯ ಉದ್ದ, ಅದಕ್ಕೆ 26ರಿಂದ 29ನೇ ಅಧ್ಯಾಯ ಸಾಕು. ಆಮೇಲೆ ನಿನ್ನ ಭಾಗವನ್ನು ಅಂಕಿಗಳಿಲ್ಲದೆ ಕೈಯಲ್ಲಿ ಬರೆದುಕೋ. ‘ಆದ್ದರಿಂದ’, ‘ಯಾಕಂದರೆ’, ‘ಆದರೆ’ ಬಂದಲ್ಲೆಲ್ಲ ಗೆರೆ ಎಳೆ. ಮೊದಲ ಪದವೇ ‘ಆದ್ದರಿಂದ’ ಆಗಿದ್ದರೆ ನೀನು ತಡವಾಗಿ ಶುರು ಮಾಡಿದ್ದೀಯ, ಹಿಂದಕ್ಕೆ ಹೋಗು.

ಇನ್ನು ಓದುವ ವಿಷಯ. ಪ್ರಸಂಗಕ್ಕೆ ವಾರವಿಡೀ ಬೆವರು ಸುರಿಸಿ, ಬೈಬಲಿನ ವಾಕ್ಯ ಓದುವುದನ್ನು ಬಾಗಿಲಲ್ಲಿ ಸಿಕ್ಕವರ ಕೈಗೆ ಕೊಡುತ್ತೇವೆ. ಓದುವವರಿಗೆ ಗುರುವಾರವೇ ಭಾಗ ತಿಳಿಸು, ಮೂರು ಸಲ ಗಟ್ಟಿಯಾಗಿ ಓದಿಸು. ಬಾಬೆಲಿನ ಅರಸ ನೆಬೂಕದ್ನೆಚ್ಚರನಂಥ ಹೆಸರುಗಳನ್ನು ಬಿಡಿಸಿ ಹೇಳಿಸು. ನಾಲಿಗೆ ತಡವರಿಸಿದರೆ ಕೇಳುವವರ ಗಮನ ಅಲ್ಲೇ ನಿಂತುಬಿಡುತ್ತದೆ. ಪುಸ್ತಕ, ಅಧ್ಯಾಯ, ವಚನ ಎರಡು ಸಲ ಹೇಳಿ, ಹಾಳೆ ತಿರುವುವ ಸದ್ದು ನಿಂತ ಮೇಲೆ ಓದಲಿ.

ಕನ್ನಡದಲ್ಲಿ ಓದುವವರಿಗೆ ಒಂದು ಬೇರೆಯೇ ಅಪಾಯವಿದೆ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧವೂ ಅಲ್ಲೇ. ಪೌಲನ ಉದ್ದ ವಾಕ್ಯದಲ್ಲಿ ಉಸಿರು ಮುಗಿಯುವುದು ಸರಿಯಾಗಿ ಅಲ್ಲಿಗೇ. ‘ಅಲ್ಲ’, ‘ಬಾರದು’, ‘ಬೇಡಿರಿ’ ಗಂಟಲಲ್ಲೇ ಉಳಿಯುತ್ತವೆ. 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಬೈಬಲಿನಲ್ಲಿ ವ್ಯಭಿಚಾರದ ಆಜ್ಞೆಯಿಂದ ‘ಬಾರದು’ ಎಂಬರ್ಥದ ಪದವೇ ಬಿಟ್ಟುಹೋಗಿ, ಅಚ್ಚು ಹಾಕಿದವರಿಗೆ ದಂಡ ಬಿತ್ತು. ನಮ್ಮಲ್ಲಿ ಅದು ಎಷ್ಟೋ ಭಾನುವಾರ ದಂಡವಿಲ್ಲದೆ ನಡೆಯುತ್ತದೆ! ಮೈಕಿನ ಮುಂದೆ ದನಿ ಇಳಿಸಬಾರದು, ಉಸಿರನ್ನು ಕೊನೆಯ ಮೂರು ಪದಕ್ಕೆ ಮುಂಚೆ ತೆಗೆದುಕೊಳ್ಳಬೇಕು. ಪೆನ್ಸಿಲಿನಲ್ಲಿ ಅಲ್ಲೊಂದು ಗುರುತು ಹಾಕಿಕೊಡು.

ಮುಂದಿನ ವಾರ ಕೀರ್ತನೆ 42 ಎಂದಿದ್ದೀಯಲ್ಲ, 43ನ್ನೂ ಸೇರಿಸಿಯೇ ಓದಿಸು. ‘ಯಾಕೆ ಕುಗ್ಗಿದ್ದೀಯ’ ಎಂದು ತನ್ನ ಮನವನ್ನೇ ಕೇಳುವ ಪಲ್ಲವಿ 42ರಲ್ಲಿ ಎರಡು ಸಲ, 43ರ ಕೊನೆಯಲ್ಲಿ ಮತ್ತೊಮ್ಮೆ ಬರುತ್ತದೆ. ಎಷ್ಟೋ ಇಬ್ರಿಯ (ಹೀಬ್ರೂ) ಹಸ್ತಪ್ರತಿಗಳಲ್ಲಿ ಎರಡೂ ಒಂದೇ ಕೀರ್ತನೆ. ಒಟ್ಟು 16 ವಚನ. ಪಲ್ಲವಿಯನ್ನು ಮೂರೂ ಸಲ ಸಭೆಯೇ ಹೇಳಲಿ.

ಕರ್ತನ ಸೇವೆಯಲ್ಲಿ,
ನಿನ್ನ ಗೆಳೆಯ