ಪುಟ್ಟಿ, ಮೊದಲು ಕಟ್ಟಡ ಯಾರ ಹೆಸರಲ್ಲಿದೆ ನೋಡು

ಪುಟ್ಟಿ,

ನಿನ್ನೆ ಫೋನಲ್ಲಿ ದನಿ ಏರಿಸಿದ್ದಕ್ಕೆ ಸಾರಿ ಕಣೆ. ದನಿಗೆ ಮಾತ್ರ, ಹೇಳಿದ ಮಾತಿಗಲ್ಲ. ಸೋಮವಾರದಿಂದ ಹೊಸ ಕೆಲಸ, ದಿವಾಳಿ ಎದ್ದ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ಲೆಕ್ಕ ಹೋಲಿಸಿ ಯಾವ ಬ್ರಾಂಚ್ ಉಳೀಬೇಕು ಯಾವುದು ಮುಚ್ಬೇಕು ಅಂತ ರಿಪೋರ್ಟ್ ಬರೆಯೋ ಟೀಮು, ಮೊದಲನೇ ಫೈಲೇ ಪೂರ್ವದ, ಅಂದ್ರೆ ಹಳೇ ಪೂರ್ವ ಜರ್ಮನಿಯ ಊರುಗಳದ್ದು ಅಂದೆ. ಎಷ್ಟು ಖುಷಿ ಆಯ್ತು ಗೊತ್ತಾ. ಬರ್ಲಿನ್ನಿಗೆ ಬಂದ ಹೊಸದ್ರಲ್ಲಿ ಬಸ್ ಟಿಕೆಟ್ ಕೇಳೋಕೂ ನಾಲಿಗೆ ತಡವರಿಸ್ತಿದ್ದವಳ ಹೊಟ್ಟೇಲಿ ಹುಟ್ಟಿದ ಹುಡುಗಿ ಇವತ್ತು ಜರ್ಮನ್ ಲಾಯರ್‌ಗಳ ಮುಂದೆ ಕೂತು ಬ್ಯಾಲೆನ್ಸ್ ಶೀಟ್ ಬಿಡಿಸಿ ಹೇಳ್ತಾಳೆ ಅಂದ್ರೆ ಸುಮ್ನೆನಾ, ತಕ್ಷಣ ಶಿವಮೊಗ್ಗಕ್ಕೆ ಫೋನ್ ಮಾಡಿ ಅಜ್ಜಿಗೆ ಹೇಳಿದೆ. ಆದ್ರೆ ನೀನು ಇನ್ನೊಂದು ಮಾತು ಸೇರಿಸಿದೆಯಲ್ಲ, "ಅಮ್ಮ, ನಂಬರ್‌ಗೆ ಈಸ್ಟು ವೆಸ್ಟು ಅಂತ ಇರಲ್ಲ" ಅಂತ, ಅದು ರಾತ್ರಿಯಿಡೀ ಕೊರೀತಾ ಇದೆ.

ಇರತ್ತೆ ಪುಟ್ಟಿ. ಇಡೀ ಸರ್ವೀಸು ಡಿಪಾರ್ಟ್‌ಮೆಂಟ್ ಸ್ಟೋರ್ ಅಕೌಂಟ್ಸ್‌ನಲ್ಲೇ ಕಳೆದವಳು ನಾನು. ಎರಡು ಅಂಗಡಿ ಪಕ್ಕಪಕ್ಕ ಇಟ್ರೆ ನೀವು ಓದಿದೋರು ಮೊದಲು ನೋಡೋದು ಚದರ ಮೀಟರ್‌ಗೆ ಎಷ್ಟು ವ್ಯಾಪಾರ, ಸಂಬಳದ ಖರ್ಚು ಎಷ್ಟು ಅಂತ. ನಾನು ನೋಡೋದು ಬಾಡಿಗೆ. ಇಲ್ಲಿನ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಕಂಪನಿಗಳು ಕಾರ್ಶ್ಟಾಟು ಕೌಫ್‌ಹೋಫು ಎರಡನ್ನೇ ತಗೋ, ಒಂದೇ ಥರ ಸಾಮಾನು, ಒಂದೇ ಥರ ಗಿರಾಕಿ, ಎಷ್ಟೋ ಊರಲ್ಲಿ ಒಂದೇ ಬೀದಿ. ಕಾರ್ಶ್ಟಾಟ್ ಗುಂಪು 2006ರಲ್ಲಿ ತನ್ನ ಕಟ್ಟಡಗಳನ್ನ ಸುಮಾರು 450 ಕೋಟಿ ಯೂರೋಗೆ, ಅಮೆರಿಕದ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ಫಂಡ್ ಹಿಡಿತ ಇದ್ದ ಕಂಪನಿಗೆ ಮಾರಿ, ಅದೇ ಕಟ್ಟಡಗಳಲ್ಲಿ ಬಾಡಿಗೆಗೆ ಕೂತ್ಕೊಳ್ತು. ಕೈಗೆ ದುಡ್ಡು ಬಂತು, ಲೆಕ್ಕದ ಪುಸ್ತಕ ಚಂದ ಕಾಣ್ತು, 2009ರ ಜೂನ್‌ನಲ್ಲಿ ದಿವಾಳಿ. 2010ರಲ್ಲಿ ಒಂದು ಯೂರೋಗೆ ಕೈ ಬದಲಾಯ್ತು, 2014ರಲ್ಲಿ ಮತ್ತೆ ಒಂದು ಯೂರೋಗೆ. ಕೌಫ್‌ಹೋಫ್ ಆಗ ಮೆಟ್ರೋ ಅನ್ನೋ ವ್ಯಾಪಾರಿ ಗುಂಪಲ್ಲಿತ್ತು, ಎಷ್ಟೋ ಕಟ್ಟಡ ತನ್ನದೇ, ನಡ್ಕೊಂಡು ಹೋಗ್ತಿತ್ತು. 2015ರಲ್ಲಿ ಕೆನಡಾದ ಹಡ್ಸನ್ಸ್ ಬೇ ಸುಮಾರು 280 ಕೋಟಿ ಯೂರೋ ಕೊಟ್ಟು ತಗೊಂಡು, ಕಟ್ಟಡಗಳನ್ನ ಬೇರೆ ಕಂಪನಿಗೆ ಹಾಕ್ತು, ಬಾಡಿಗೆ ಏರ್ತು, ನಷ್ಟ ಶುರುವಾಯ್ತು. ಆಮೇಲೆ ಎರಡೂ ಸೇರಿ ಗಲೇರಿಯಾ ಆಗಿ 2020, 2022, 2024 ಅಂತ ಸಾಲಾಗಿ ದಿವಾಳಿ ಅರ್ಜಿ, ಮಧ್ಯದಲ್ಲಿ ಸರ್ಕಾರ ಕೊಟ್ಟ 68 ಕೋಟಿ ಯೂರೋ ಬೇರೆ. ಆನ್‌ಲೈನ್ ಬಂತು, ಮಾಲ್ ಬಂತು, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಸ್ವಂತ ಕಟ್ಟಡ ಕೈಬಿಟ್ಟ ಅಂಗಡಿಗೆ ಕೆಟ್ಟ ವರ್ಷ ಒಂದು ಬಂದ್ರೂ ತಡ್ಕೊಳ್ಳೋಕೆ ಏನೂ ಉಳಿದಿರಲ್ಲ.

ಈಗ ಇದೇ ಕಣ್ಣಲ್ಲಿ ಈ ದೇಶ ನೋಡು. 1990ರ ಜುಲೈ 1, ಭಾನುವಾರ, ಪೂರ್ವದೋರ ಕೈಗೆ ಪಶ್ಚಿಮದ ದುಡ್ಡು ಡಾಯ್ಚ್ ಮಾರ್ಕ್ ಬಂತು. ಸಂಬಳ ಅವರ ಒಂದು ಮಾರ್ಕ್‌ಗೆ ಒಂದು ಡಾಯ್ಚ್ ಮಾರ್ಕ್, ಉಳಿತಾಯ ದೊಡ್ಡೋರಿಗೆ 4000 ತನಕ ಒಂದಕ್ಕೊಂದು, 60 ದಾಟಿದೋರಿಗೆ 6000 ತನಕ, ಮಿಕ್ಕಿದ್ದು ಎರಡಕ್ಕೊಂದು. ಅಷ್ಟೇ ಅವರ ಬಂಡವಾಳ. ಫ್ಯಾಕ್ಟರಿ, ಅಂಗಡಿ ಎಲ್ಲ ಜನರ ಆಸ್ತಿ ಅಂತ 40 ವರ್ಷ ಬೋರ್ಡ್ ಹಾಕಿದ್ರಲ್ಲ, ಅದನ್ನ ಟ್ರಾಯ್‌ಹಾಂಡ್ ಅನ್ನೋ ಸರ್ಕಾರಿ ಸಂಸ್ಥೆ ಮಾರೋಕೆ ಕೂತಾಗ ಕೊಂಡ್ಕೊಳ್ಳೋ ತಾಕತ್ತು ಅವರಿಗೆಲ್ಲಿತ್ತು? ದೊಡ್ಡ ಪಾಲು ಪಶ್ಚಿಮದೋರಿಗೇ ಹೋಯ್ತು. ತಮ್ಮ ಊರಲ್ಲೇ ಅವರು ಬಾಡಿಗೆದಾರರಾಗಿ ಕಣ್ಣುಬಿಟ್ರು. ಕಾರ್ಶ್ಟಾಟ್ ತಾನಾಗೇ ಕಟ್ಟಡ ಮಾರ್ಕೊಳ್ತು, ಇವರು ಮಾರಿದ್ದೂ ಅಲ್ಲ.

ಆ ಹೆಂಗಸಿನ ಬಗ್ಗೆ ನಿಂಗೆ ಹೇಳಿದೀನೋ ಇಲ್ವೋ. ಪೂರ್ವದ ಒಂದು ಸಣ್ಣ ಊರಲ್ಲಿ ಸರ್ಕಾರಿ ಸ್ಟೋರಿನ ಲೆಕ್ಕ ನೋಡ್ತಿದ್ದವರು, ನನ್ನ ಅಮ್ಮನ ವಯಸ್ಸು, 1990ರ ಕೊನೇಲಿ ನಮ್ಮ ಸೆಕ್ಷನ್‌ಗೆ ಬಂದ್ರು, ಕಂಪ್ಯೂಟರ್ ಕಲಿಸು ಅಂತ ನನ್ನ ಪಕ್ಕ ಕೂರಿಸಿದ್ರು. ಅವರ ಭಾಷೆ, ಅವರ ದೇಶ, ಕಲಿಸೋಳು ನಾನು, ಅರ್ಧಂಬರ್ಧ ಜರ್ಮನ್‌ನಲ್ಲಿ. ಮೆಷಿನ್ ಮೊತ್ತ ತೋರಿಸೋ ಮುಂಚೆ ಅವರು ಬಾಯಲ್ಲೇ ಹೇಳ್ಬಿಡ್ತಿದ್ರು, ಸರಿಯಾಗೇ ಇರ್ತಿತ್ತು. ಒಂದ್ಸಲ ಊಟದ ಹೊತ್ತಲ್ಲಿ ವಿವರಿಸಿದ್ರು, ಅವರ ಕಡೆ ಸಾಮಾನಿನ ಮೇಲೇ ಬೆಲೆ ಅಚ್ಚಾಗಿರ್ತಿತ್ತು, ಎಲ್ಲ ಊರಲ್ಲೂ ಅದೇ ಬೆಲೆ, ಬ್ರೆಡ್ಡಿಗೆ ಮಕ್ಕಳ ಬಟ್ಟೆಗೆ ಸರ್ಕಾರ ಕೈಯಿಂದ ಹಾಕೋದು, ಹಾಗಾಗಿ ಮಾರೋದು ಹೇಗೆ ಅನ್ನೋ ಚಿಂತೆ ಅವರಿಗಿರಲಿಲ್ಲ, ಸಾಮಾನು ತರಿಸೋದು ಹೇಗೆ ಅನ್ನೋದೇ ಚಿಂತೆ, ಗೋಡೌನ್‌ಗೆ ಬೂಟು ಬಂತು ಅಂದ್ರೆ ಸಾಯಂಕಾಲಕ್ಕೆ ಖಾಲಿ. ನಮ್ಮ ಕಡೆ ಉಲ್ಟಾ, ಸಾಮಾನು ರಾಶಿ, ಕೊಳ್ಳೋರಿಗೆ ಹುಡುಕಾಟ. ಎರಡು ಪುಸ್ತಕ ಎರಡು ಬೇರೆ ಪ್ರಶ್ನೆಗೆ ಉತ್ತರ ಬರೀತಿದ್ವು. ಅವರ ಪುಸ್ತಕವನ್ನ ನಮ್ಮ ಪ್ರಶ್ನೆ ಇಟ್ಟು ತಿದ್ದಿ, ಫೇಲ್ ಅಂದ್ಬಿಟ್ರು. ಆ ಜುಲೈನಲ್ಲಿ ಅವರ ಅಂಗಡಿಯ ಶೆಲ್ಫಿಂದ ಪೂರ್ವದ ಸಾಮಾನೆಲ್ಲ ಒಂದು ವೀಕೆಂಡಲ್ಲಿ ಕೆಳಗಿಳೀತು, ಪಶ್ಚಿಮದ್ದು ಮೇಲೇರ್ತು, ಮೊದಲ ದಿನ ಜನ ಖುಷಿಯಿಂದ ಕ್ಯೂ ನಿಂತ್ರು, ಕೆಳಗಿಳಿದ ಆ ಸಾಮಾನು ಮಾಡ್ತಿದ್ದೋರೂ ಆ ಕ್ಯೂನಲ್ಲೇ ಇದ್ರು ಅಂದ್ರು. ಮತ್ತೆ ಊಟ ಮುಂದುವರಿಸಿದ್ರು. ಅಳಲಿಲ್ಲ, ಯಾರನ್ನೂ ಬೈಯ್ಯಲಿಲ್ಲ. ನಾನು ಏನು ಹೇಳ್ಬೇಕು ಅಂತ ಗೊತ್ತಾಗದೆ ನನ್ನ ಡಬ್ಬಿಯಿಂದ ಚಿತ್ರಾನ್ನ ಕೊಟ್ಟೆ. ಮುಂದಿನ ವರ್ಷ ಸ್ಟಾಫ್ ಕಡಿಮೆ ಮಾಡಿದಾಗ ಮೊದಲು ಹೋಗಿದ್ದು ಅವರೇ, ಕೊನೆಗೆ ಸೇರಿದೋರು ಅನ್ನೋ ಕಾರಣ ಕೊಟ್ರು. ಆ ಲಿಸ್ಟಿನ ನಂಬರ್‌ಗಳಲ್ಲೂ ಈಸ್ಟು ವೆಸ್ಟು ಅಂತ ಬರೆದಿರಲಿಲ್ಲ ಪುಟ್ಟಿ. ಬರೀಬೇಕಾಗೂ ಇರಲಿಲ್ಲ.

ನೀನು ಹುಟ್ಟಿದಾಗ ಬರ್ಲಿನ್ ಗೋಡೆ ಇರಲಿಲ್ಲ, ನಿಂಗೆ ಇದೆಲ್ಲ ಸ್ಕೂಲಿನ ಪಾಠ. ಆದ್ರೆ ಪೂರ್ವದೋರ ಪೆನ್ಶನ್ ಲೆಕ್ಕ ಪಶ್ಚಿಮದಷ್ಟೇ ಆಗಿದ್ದು 2023ರ ಜುಲೈನಲ್ಲಿ, ಅದು ಮೊನ್ನೆ ಮೊನ್ನೆ. ಪಾಸ್‌ಪೋರ್ಟ್ ಒಂದೇ, ಹಾಡು ಒಂದೇ, ಫುಟ್‌ಬಾಲ್ ಟೀಮ್ ಒಂದೇ, ಆದ್ರೂ ನಾವು ಎರಡನೇ ದರ್ಜೆ ಅಂತ ಅಲ್ಲಿನೋರು ಇವತ್ತಿಗೂ ಹೇಳ್ತಾರಲ್ಲ, ಅದು ಬರೀ ಗೊಣಗಾಟ ಅಂತ ನಿನ್ನ ಫ್ರೆಂಡ್ಸ್ ಥರ ನೀನೂ ನಗಬೇಡ. ಆಸ್ತಿ ಇಲ್ಲದೋರ ಮಕ್ಕಳಿಗೆ ಆಸ್ತಿ ಬರಲ್ಲ, ಅಷ್ಟೇ ಲೆಕ್ಕ.

ನನ್ನ ಭಯ ಬೇರೇನೇ ಇದೆ, ಅದನ್ನ ಫೋನಲ್ಲಿ ಹೇಳೋಕಾಗದೇ ಜಗಳ ಆಡಿದೆ. ಆ ಊರಿಗೆ ನೀನು ಹೋಗಿ ನಿಂತಾಗ ಅವರಿಗೆ ಕಾಣೋದು ಏನು? ಬರ್ಲಿನ್ನಿಂದ ಬಂದವಳು, ಬಣ್ಣ ಬೇರೆ, ಕೈಲಿ ಮುಚ್ಚೋ ಲಿಸ್ಟು. 1991ರಲ್ಲಿ ಹೊಯರ್ಸ್‌ವೆರ್ಡಾ, 1992ರಲ್ಲಿ ರೋಸ್ಟೋಕ್, ಪೂರ್ವದ ಆ ಊರುಗಳಲ್ಲಿ ವಿದೇಶೀಯರು ಇದ್ದ ಮನೆಗಳ ಮೇಲೆ ದಾಳಿ ಆಯ್ತು, ಟೀವಿಲಿ ಬೆಂಕಿ ನೋಡಿ ನಾವು ತಿಂಗಳುಗಟ್ಲೆ ಕತ್ತಲಾದ್ಮೇಲೆ ಹೊರಗೆ ಹೋಗಿರಲಿಲ್ಲ. ಪೂರ್ವ ಅಂದ್ರೇ ಹಾಗೆ ಅಂತಲ್ಲ, ಮ್ಯೋಲ್ನ್, ಸೋಲಿಂಗನ್ ಎರಡೂ ಪಶ್ಚಿಮದ ಊರುಗಳೇ, ಅಲ್ಲಿ ಮನೆಗೇ ಬೆಂಕಿ ಇಟ್ಟು ಟರ್ಕಿ ಮೂಲದೋರನ್ನ ಕೊಂದ್ರು. ನಂಗೆ ಗೊತ್ತು. ಆದ್ರೂ ಅಮ್ಮನ ಹೊಟ್ಟೆ ಕಣೆ, ನೀನು ರೈಲಿಳಿದು ಹೋಟೆಲ್‌ಗೆ ನಡ್ಕೊಂಡು ಹೋಗೋದೇ ಕಣ್ಮುಂದೆ ಬರತ್ತೆ. ಟ್ಯಾಕ್ಸಿ ತಗೋ, ದುಡ್ಡು ನಾನು ಕೊಡ್ತೀನಿ. ರಾತ್ರಿ ಕೊನೇ ರೈಲಿಗೆ ಕಾಯ್ಬೇಡ. ಸೆಕ್ಯೂರಿಟಿ, ಸೇಲ್ಸ್ ಹುಡುಗೀರು ಎಲ್ಲರ ಹತ್ರ ಮೊದಲು ನೀನೇ ಮಾತಾಡು, ಅವರ ಊಟದ ರೂಮಲ್ಲಿ ಅವರ ಜೊತೆ ಕೂತು ಊಟ ಮಾಡು, ಮ್ಯಾನೇಜರ್ ಜೊತೆ ಹೊರಗೆ ಹೋಗ್ಬೇಡ.

ಇನ್ನೊಂದು. ಈ ದೊಡ್ಡ ಅಂಗಡಿಗಳೆಲ್ಲ ಹುಟ್ಟಿದ್ದೇ ಆ ಕಡೆ, ನಿನ್ನ ಟೀಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ಲಿಯೋನ್‌ಹಾರ್ಡ್ ಟೀಟ್ಸ್ 1879ರಲ್ಲಿ ಶ್ಟ್ರಾಲ್‌ಸುಂಡ್‌ನಲ್ಲಿ ಅಂಗಡಿ ಇಟ್ಟ, ಅದೇ ಮುಂದೆ ಕೌಫ್‌ಹೋಫ್. ರುಡಾಲ್ಫ್ ಕಾರ್ಶ್ಟಾಟ್ 1881ರಲ್ಲಿ ವಿಸ್ಮಾರ್‌ನಲ್ಲಿ. ಅದೇ ಟೀಟ್ಸ್ ಮನೆತನದ ಇನ್ನೊಂದು ಅಂಗಡಿ ಹೆರ್ಟಿ ಶುರುವಾಗಿದ್ದು 1882ರಲ್ಲಿ ಗೇರಾದಲ್ಲಿ. ಟೀಟ್ಸ್ ಕುಟುಂಬಗಳು ಯಹೂದಿಗಳು ಅಂತ 1933ರಿಂದ ನಾಜಿಗಳು ಅಂಗಡಿಯನ್ನೂ ಕಿತ್ಕೊಂಡ್ರು, ಬೋರ್ಡಿಂದ ಹೆಸರನ್ನೂ ಅಳಿಸಿದ್ರು. ಹಾಗೇ ಅಂಗಡಿ ಕಳ್ಕೊಂಡ ವರ್ಟ್‌ಹೈಮ್ ಕುಟುಂಬದ ಬರ್ಲಿನ್ ಜಾಗಗಳ ವ್ಯಾಜ್ಯ ಮುಗಿದಿದ್ದು 2007ರಲ್ಲಿ, ಕಾರ್ಶ್ಟಾಟ್ ಗುಂಪು 8.8 ಕೋಟಿ ಯೂರೋ ಕೊಟ್ಟಾಗ. ಈ ದೇಶದಲ್ಲಿ ಅಂಗಡಿ ಲೆಕ್ಕ ಅಂದ್ರೆ ಜಾಗ ಯಾರಿಂದ ಯಾರಿಗೆ ಹೋಯ್ತು ಅನ್ನೋ ಲೆಕ್ಕಾನೂ ಹೌದು. ಅದಕ್ಕೆ ಹೇಳ್ತಿರೋದು, ಒಂದೊಂದು ಬ್ರಾಂಚಿಗೂ ನಷ್ಟದ ಪಕ್ಕದಲ್ಲಿ ಬಾಡಿಗೆ ಬರಿ, ಆ ಬಾಡಿಗೆ ಯಾರಿಗೆ ಹೋಗತ್ತೆ ಬರಿ, ಮಾರುಕಟ್ಟೆ ರೇಟಿನ ಬಾಡಿಗೆ ಹಾಕಿದ್ರೆ ಅದೇ ಅಂಗಡಿ ಲಾಭ ತೋರಿಸ್ತಿತ್ತಾ ಅಂತ ಇನ್ನೊಂದು ಕಾಲಮ್ ಮಾಡು. ಇಷ್ಟು ಮಾಡಿದ ಮೇಲೂ ಮುಚ್ಚಲೇಬೇಕು ಅಂತ ಬಂದ್ರೆ ಮುಚ್ಚು ಅಂತ ಬರಿ, ನಾನು ಬೇಡ ಅನ್ನಲ್ಲ.

ಬಾಸ್ ಆ ಕಾಲಮ್ ಬೇಡ ಅಂದ್ರೆ ಯಾಕೆ ಬೇಡ ಅಂತ ಮೇಲ್‌ನಲ್ಲಿ ಕೇಳು, ಬಾಯಲ್ಲಿ ಕೇಳ್ಬೇಡ. ಸೋಮವಾರ ತಲುಪಿದ ತಕ್ಷಣ ಮೆಸೇಜ್ ಹಾಕು.

ಅಮ್ಮ